ಸೆಂಟು, ಮಲ್ಲಿಗೆ ಮತ್ತು ಅಮ್ಮನ ತುರುಬು

ಬ್ಲಾಗಿಗೆ ಏನೂ ಬರೆಯದೆ ಮೂರು ತಿಂಗಳ ಮೇಲಾಯ್ತು. "ಎಲ್ಲಿ ಕಾಣೆಯಾದ್ರಿ ಮಾರಾಯ್ತಿ" ಅಂತ ಇಬ್ಬರು ಕೇಳಿಯೂ ಆಯ್ತು. ಕಾಣೆಯಾಗಿದ್ದು ಎಲ್ಲಿಗೂ ಅಲ್ಲ, ಊರಿಗೇ. ಬೀಜಾಡಿಗೆ. ಅಮ್ಮನಿಗೆ ಮೊಣಕಾಲು ನೋವು ಜಾಸ್ತಿಯಾಗಿ ಒಂದು ತಿಂಗಳು ಅಲ್ಲೇ ಉಳಿದಿದ್ದೆ. ಅಲ್ಲಿದ್ದಾಗ ತಲೆಯಲ್ಲಿ ಸುತ್ತಿದ ಒಂದು ವಿಷಯ ಇವತ್ತು ಬರೆದು ಮುಗಿಸಿಬಿಡೋಣ ಅಂತ ಕೂತಿದ್ದೇನೆ. ವಿಷಯ ಏನಪ್ಪಾ ಅಂದರೆ... ಸೆಂಟು. ನಗಬೇಡಿ, ಪೂರ್ತಿ ಓದಿ :-)

ದುಬೈಯಲ್ಲಿರುವ ಚಿಕ್ಕಿ ಮಗ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಗಲ್ಫಿನಿಂದ ಬರುವವರು ಮೊದಲೆಲ್ಲ ತರುತ್ತಿದ್ದ ಸೆಂಟುಗಳು ನಿಮಗೆ ನೆನಪಿರಬಹುದು. ಅಂಗಿಗೆ ಒಂದು ಸಲ ಹೊಡೆದರೆ ಎರಡು ಸಲ ಒಗೆದರೂ ಹೋಗದಂಥವು. ಮದುವೆ ಮನೆಗೆ ಯಾರು ಬಂದರು ಅಂತ ಅವರು ಅಂಗಳಕ್ಕೆ ಬರುವ ಮೊದಲೇ ಗೊತ್ತಾಗುತ್ತಿತ್ತು! ಈ ಸಲ ಅವನು ತಂದದ್ದು ಹಾಗಿರಲಿಲ್ಲ. ತಿಳಿಗುಲಾಬಿ ಬಣ್ಣದ ಚೌಕ ಬಾಟಲಿ, ಮೇಲೆ ಗುಚ್ಚಿ ಬ್ಲೂಮ್ ಅಂತ ಹೆಸರು. "ಅಕ್ಕಾ, ಇದ್ ನಿಂಗೆ. ಅಂಗಡಿಯವ್ಳ್ ಹೇಳಿದ್ಲ್, ಬಿಳಿ ಹೂಗಿನ್ ಪರಿಮಳ ಅಂಬ್ರ್" ಅಂದ.

ಬಿಳಿ ಹೂವಿನ ಪರಿಮಳ! ನಮ್ಮ ಕಡೆಯವರಿಗೆ ಇದನ್ನು ದುಬೈಯಿಂದ ತರಬೇಕಾ ಅಂತ ನಗು ಬಂತು. ಆದರೂ ಮೂತಿ ತೆಗೆದು ಮೂಸಿದೆ. ಆಮೇಲೆ ಕುತೂಹಲಕ್ಕೆ ಅದರ ಬಗ್ಗೆ ಸ್ವಲ್ಪ ಓದಿದೆ. ಸುಗಂಧ ದ್ರವ್ಯದ ಲೋಕದಲ್ಲಿ 'ವೈಟ್ ಫ್ಲೋರಲ್' ಅಂತ ಒಂದು ದೊಡ್ಡ ಕುಟುಂಬವೇ ಇದೆಯಂತೆ. ಮಲ್ಲಿಗೆ, ಜಾಜಿ, ಸುಗಂಧರಾಜ, ಗಾರ್ಡೇನಿಯಾ, ಕಿತ್ತಳೆ ಹೂವು ಇವೆಲ್ಲ ಅದರ ಸದಸ್ಯರು. 1948ರಲ್ಲಿ ಬಂದ 'ಫ್ರಾಕಾ' ಅನ್ನುವ ಫ್ರೆಂಚ್ ಸೆಂಟು ಸುಗಂಧರಾಜದ್ದೇ ದೊಡ್ಡ ಹೆಸರು, ಅದನ್ನು ಮಾಡಿದ್ದು ಜರ್ಮೇನ್ ಸೆಲಿಯೆ ಅನ್ನುವ ಹೆಣ್ಣುಮಗಳು. ನನಗೆ ಸಿಕ್ಕಿದ ಬ್ಲೂಮ್ 2017ರದ್ದು, ಮಾಡಿದವನು ಆಲ್ಬರ್ಟೊ ಮೊರಿಯಾಸ್. ಇದರಲ್ಲಿ ಮೂರು ಹೂವಿನ ಪರಿಮಳ ಅಂತ ಕಂಪನಿ ಹೇಳುತ್ತದೆ: ಮಲ್ಲಿಗೆ ಮೊಗ್ಗು, ಸುಗಂಧರಾಜ ಮತ್ತು ರಂಗೂನ್ ಕ್ರೀಪರ್.

ಈ ಮೂರನೆಯದನ್ನು ಓದಿ ನಾನು ಎದ್ದು ಗೇಟಿನ ಹತ್ತಿರ ಹೋದೆ. ಯಾಕೆಂದರೆ ರಂಗೂನ್ ಕ್ರೀಪರ್ ಅಂದರೆ ನಮ್ಮ ಮನೆ ಗೇಟಿನ ಕಮಾನಿಗೆ ಹಬ್ಬಿದ ಬಳ್ಳಿಯೇ! ಮಧುಮಾಲತಿ ಅಂತ ಕೆಲವರು ಕರೆಯುತ್ತಾರೆ, ನಮ್ಮಲ್ಲಿ ಬರೀ 'ಗೇಟಿನ ಬಳ್ಳಿ'. ಸಂಜೆ ಬಿಳಿಯಾಗಿ ಅರಳಿ, ಮರುದಿನ ಗುಲಾಬಿಯಾಗಿ, ಆಮೇಲೆ ಕೆಂಪಾಗಿ ಜೋತಾಡುತ್ತದಲ್ಲ, ಅದು. ಪೂಜೆಗೂ ಇಲ್ಲ, ಮುಡಿಯಲಿಕ್ಕೂ ಇಲ್ಲ ಅಂತ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ಹೂ. ಅದು ಪ್ಯಾರಿಸ್, ಮಿಲಾನ್ ಸುತ್ತಿ ಗುಲಾಬಿ ಬಾಟಲಿಯಲ್ಲಿ ವಾಪಸ್ ಬೀಜಾಡಿಗೆ ಬಂದಿದೆ!

ಇರಲಿ. ಈಗ ಅದು ಹೇಗಿದೆ ಅಂತ ಹೇಳುತ್ತೇನೆ.

ಹೊಡೆದ ಕೂಡಲೇ ಬರುವುದು ಹಸಿರು ವಾಸನೆ. ತೊಟ್ಟು ಚಿವುಟಿದಾಗ, ಮೊಗ್ಗು ಇನ್ನೂ ಬಾಯಿ ಬಿಡದಿದ್ದಾಗ ಬರುತ್ತದಲ್ಲ, ಆ ಥರದ್ದು. ಹತ್ತು ನಿಮಿಷ ಕಳೆದ ಮೇಲೆ ಸುಗಂಧರಾಜ ಮೇಲೆದ್ದು ಬರುತ್ತದೆ. ದಪ್ಪ, ಬೆಣ್ಣೆಯಂಥ ಪರಿಮಳ. ಸುಗಂಧರಾಜದಲ್ಲಿ ಒಂದು ತಮಾಷೆ ಇದೆ, ಗಮನಿಸಿದ್ದೀರಾ? ತೀರಾ ಹತ್ತಿರದಿಂದ ಮೂಸಿದರೆ ನೋವಿನ ಮುಲಾಮಿನ ನೆನಪಾಗುತ್ತದೆ. ಇದು ನನ್ನ ಭ್ರಮೆ ಅಂದುಕೊಂಡಿದ್ದೆ. ಅಲ್ಲವಂತೆ, ಮುಲಾಮಿನಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಆ ಹೂವಿನಲ್ಲೂ ಇದೆ. ಬಾಟಲಿಯವರು ಅದನ್ನು ಬಹಳ ಮಟ್ಟಿಗೆ ಮೆತ್ತಗೆ ಮಾಡಿದ್ದಾರೆ. ಅಲ್ಲಿಂದ ಮುಂದೆ ಹೆಚ್ಚೇನೂ ಬದಲಾಗುವುದಿಲ್ಲ. ಕೊನೆಗೆ ಸ್ವಲ್ಪ ಪೌಡರ್, ಸ್ವಲ್ಪ ಗಂಧ ಇರುವ ಹಾಗೆ ಚರ್ಮಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಗುಟ್ಟು ಗಿಟ್ಟು ಇಲ್ಲದ, ನೇರ ಸ್ವಭಾವದ ಸೆಂಟು. ನನಗೆ ಇಷ್ಟವಾಯ್ತು.

ಆದರೆ ಹಾಕಿಕೊಂಡು ತಿರುಗುವುದು ಬೇರೆ ಕತೆ. ಬೆಂಗಳೂರಿನ ಎಸಿ ಆಫೀಸಿನಲ್ಲಿ ಬೆಳಿಗ್ಗೆ ಎರಡು ಸಲ ಹೊಡೆದುಕೊಂಡರೆ ಮಧ್ಯಾಹ್ನದ ಊಟದವರೆಗೂ ಸಭ್ಯವಾಗಿ ಇರುತ್ತದೆ. ಬೀಜಾಡಿಯ ಏಪ್ರಿಲ್ ಸೆಕೆಯಲ್ಲಿ ಅದೇ ಎರಡು ಸಲ ಅಂದರೆ ಪಕ್ಕದವರಿಗೆ ತಲೆನೋವು ಗ್ಯಾರಂಟಿ. ಬಿಸಿ ಜಾಸ್ತಿಯಾದಷ್ಟೂ ಅದು ಬೇಗ ಆವಿಯಾಗುತ್ತದೆ. ಅಂದರೆ ಮೊದಲ ಒಂದು ಗಂಟೆ ವಿಪರೀತ, ಆಮೇಲೆ ಏನೂ ಇಲ್ಲ. ಮೇಲಿಂದ ಬೆವರು. ಅದಕ್ಕೂ ಮೇಲಿಂದ ಕಡಲ ಗಾಳಿ, ಒಣಮೀನಿನ ವಾಸನೆ. ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕೋಟೇಶ್ವರ ದಾಟುವುದರೊಳಗೆ ನನಗೇ ಸಾಕಾಯ್ತು. ನನ್ನ ಅನುಭವದಲ್ಲಿ ಕರಾವಳಿಯ ಸೂತ್ರ ಇಷ್ಟು: ಒಂದೇ ಒಂದು ಸಲ, ಅದೂ ಮೈಗಲ್ಲ, ಕಾಟನ್ ಸೀರೆಯ ಸೆರಗಿನ ಒಳಮೈಗೆ. ಬಟ್ಟೆಯ ಮೇಲೆ ಅದು ನಿಧಾನಕ್ಕೆ ಬಿಡುತ್ತದೆ, ಗಾಳಿ ಬಂದಾಗ ಮಾತ್ರ ಹೇಳುತ್ತದೆ. ಕಲೆ ಬೀಳಬಹುದು, ರೇಷ್ಮೆಗೆ ಮಾತ್ರ ಹಾಕಬೇಡಿ.

ಈಗ ನಮ್ಮ ಮಲ್ಲಿಗೆಗೆ ಬರೋಣ. ಉಡುಪಿ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ನಮ್ಮಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವುದಿಲ್ಲ, ಚೆಂಡು ಮತ್ತು ಅಟ್ಟೆಯಲ್ಲಿ. ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3200 ಹೂ. ಕಾಪು ತಾಲೂಕಿನ ಶಂಕರಪುರ ಇದರ ರಾಜಧಾನಿ. ಅಲ್ಲಿ ದಿನಾ ದರ ನಿಗದಿಯಾಗುತ್ತದೆ, ಆ ದರ ಜಿಲ್ಲೆಗೆಲ್ಲಾ ಹರಡುತ್ತದೆ. ಮದುವೆ ಸೀಸನ್‌ನಲ್ಲಿ ಅಟ್ಟೆಗೆ ಎರಡು ಸಾವಿರ ದಾಟಿದ್ದೂ ಉಂಟು. ಉಡುಪಿ ಮಲ್ಲಿಗೆಗೆ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಯ ಹಾಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಕುಂದಾಪುರದ ಕಡೆಗೆ ಭಟ್ಕಳ ಮಲ್ಲಿಗೆಯೂ ಬರುತ್ತದೆ.

ಸೆಂಟಿನ ಬಗ್ಗೆ ಓದುವಾಗ ಒಂದು ಲೆಕ್ಕ ಸಿಕ್ಕಿತು. 1930ರಲ್ಲಿ ಬಂದ 'ಜಾಯ್' ಅನ್ನುವ ಪ್ರಸಿದ್ಧ ಫ್ರೆಂಚ್ ಸೆಂಟಿನ ಒಂದು ಪುಟ್ಟ ಬಾಟಲಿಗೆ 10,600 ಮಲ್ಲಿಗೆ ಜಾತಿಯ ಹೂ ಮತ್ತು 28 ಡಜನ್ ಗುಲಾಬಿ ಬೇಕು ಅಂತ ಅವರ ಜಾಹೀರಾತು. ಅದು ಫ್ರಾನ್ಸಿನ ಗ್ರಾಸ್ ಊರಿನ ಹೂ, ಜಾತಿಯಲ್ಲಿ ನಮ್ಮ ಜಾಜಿಗೆ ಹತ್ತಿರ. ಆದರೂ ನಾನು ಊರಿನ ಲೆಕ್ಕ ಹಾಕಿದೆ. 10,600 ಅಂದರೆ ಮೂರು ಅಟ್ಟೆಗಿಂತ ಸ್ವಲ್ಪ ಹೆಚ್ಚು. ಅಷ್ಟೇನಾ! ನಮ್ಮಲ್ಲಿ ಒಂದು ಮದುವೆಗೆ, ಒಂದು ದೊಡ್ಡ ಪೂಜೆಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಪ್ರಪಂಚದ ಅತಿ ದುಬಾರಿ ಸೆಂಟು ಅಂತ ಹೆಸರು ಮಾಡಿದ್ದಕ್ಕೆ ಹೋದಷ್ಟು ಹೂವನ್ನು ನಮ್ಮ ಹೆಂಗಸರು ಒಂದು ಸಂಜೆಗೆ ಮುಡಿದು, ಮರುದಿನ ತೆಂಗಿನ ಬುಡಕ್ಕೆ ಎಸೆದು ಸುಮ್ಮನಿರುತ್ತಾರೆ.

ಇನ್ನೊಂದು ವಿಷಯ ಓದಿ ಆಶ್ಚರ್ಯವಾಯ್ತು. ಗುಲಾಬಿಯನ್ನು ಕೊಯ್ದ ಮೇಲೆ ಪರಿಮಳ ಇಳಿಯುತ್ತಾ ಹೋಗುತ್ತದೆ. ಮಲ್ಲಿಗೆ, ಸುಗಂಧರಾಜ ಹಾಗಲ್ಲ. ಗಿಡದಿಂದ ಬೇರೆಯಾದ ಮೇಲೂ ಗಂಟೆಗಟ್ಟಲೆ ಪರಿಮಳ ತಯಾರು ಮಾಡುತ್ತಲೇ ಇರುತ್ತವೆ. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆಗೆ ತುರುಬಿನಲ್ಲಿ ಅರಳುವುದು ಇದಕ್ಕೇ. ಫ್ರಾನ್ಸಿನಲ್ಲಿ ಹಿಂದೆ ಇಂಥ ಹೂಗಳನ್ನು ಕೊಬ್ಬು ಸವರಿದ ಗಾಜಿನ ಮೇಲೆ ಹರವಿ ಇಡುತ್ತಿದ್ದರಂತೆ. ಹೂ ಬಿಡುವ ಪರಿಮಳವನ್ನು ಕೊಬ್ಬು ಹೀರಿಕೊಳ್ಳುತ್ತಿತ್ತು. ಈಗ ದ್ರಾವಕ ಹಾಕಿ ತೆಗೆಯುತ್ತಾರೆ. ಒಂದು ಕಿಲೋ ಸಾರಕ್ಕೆ ಆರೇಳುನೂರು ಕಿಲೋ ಮಲ್ಲಿಗೆ ಬೇಕು. ತಮಿಳುನಾಡಿನ ಮಲ್ಲಿಗೆ, ನಮ್ಮ ಮೈಸೂರು ಸೀಮೆಯ ಸುಗಂಧರಾಜ ಎಲ್ಲ ಹೀಗೆ ಸಾರವಾಗಿ ಫ್ರಾನ್ಸಿನವರೆಗೆ ಹೋಗುತ್ತವೆ.

ಇಷ್ಟೆಲ್ಲ ಓದಿ ಬಾಟಲಿ ಮತ್ತು ಹೂವನ್ನು ಒಟ್ಟಿಗೆ ಇಟ್ಟುಕೊಂಡು ಮೂಸಿದೆ. ಬಾಟಲಿಯಲ್ಲಿ ಎಲ್ಲ ಇದೆ, ಆದರೆ ಏನೋ ಇಲ್ಲ. ಏನು ಅಂತ ಗೊತ್ತಾಗಲಿಲ್ಲ. ಮೊದಲ ಅನುಮಾನ ಬಂದದ್ದು 'ಕೊಳೆತ'ದ ಮೇಲೆ. ಹೌದು, ಮಲ್ಲಿಗೆಯಲ್ಲಿ ಒಂದು ಚೂರು ಕೊಳೆತ ವಾಸನೆ ಇದೆ. ಇಂಡೋಲ್ ಅಂತ ಅದರ ಹೆಸರು. ಗಟ್ಟಿಯಾಗಿದ್ದರೆ ಡಾಂಬರು ಗುಳಿಗೆಯ ಹಾಗೆ, ಇನ್ನೂ ಹೇಳಬೇಕೆಂದರೆ ಮಲದ ಹಾಗೆ ನಾರುತ್ತದೆ. ಕಣದಷ್ಟು ಇದ್ದರೆ ಹೂವಿಗೆ ಜೀವ ಕೊಡುತ್ತದೆ. ರಾತ್ರಿ ಮುಡಿದು ಮಲಗಿ, ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಕಂದಾಗಿ ಬಿದ್ದ ದಂಡೆಯ ವಾಸನೆ ನೆನಪು ಮಾಡಿಕೊಳ್ಳಿ. ಅದೇ. ಅಗ್ಗದ ಮಲ್ಲಿಗೆ ಸೆಂಟು, ಕಾರಿನಲ್ಲಿ ನೇತು ಹಾಕುವ ಮಲ್ಲಿಗೆ ಡಬ್ಬಿ, ಬಾತ್‌ರೂಮಿನ ಮಲ್ಲಿಗೆ ಫಿನಾಯಿಲ್ ಎಲ್ಲ ಸೋಲುವುದು ಇಲ್ಲೇ ಅಂತ ನನ್ನ ಅಭಿಪ್ರಾಯ. ಅವು ಬರೀ ಸಿಹಿ ಇಟ್ಟುಕೊಂಡು ಕೊಳೆತವನ್ನು ಬಿಟ್ಟುಬಿಡುತ್ತವೆ. ಹಾಗಾಗಿ ಹತ್ತು ನಿಮಿಷಕ್ಕೆ ವಾಕರಿಕೆ ಬರುತ್ತದೆ. ಒಳ್ಳೆಯ ಬಿಳಿಹೂವಿನ ಸೆಂಟು ಅಂದರೆ ಬಾಡುವ ಹೂವನ್ನೂ ಒಳಗಿಟ್ಟುಕೊಂಡದ್ದು. ಬ್ಲೂಮ್‌ನಲ್ಲಿ ಇದು ಕಮ್ಮಿ, ಆದರೆ ಪೂರ್ತಿ ಇಲ್ಲ ಅಂತಲ್ಲ.

ಆದರೆ ನನ್ನ ಮೂಗಿಗೆ ಸಿಗದ ಇನ್ನೊಂದು ಕೊರತೆಯನ್ನು ಹೇಳಿದವಳು ಅಮ್ಮ.

ಅವತ್ತು ಸಂಜೆ ಚಾವಡಿಯಲ್ಲಿ ಕೂತು ಅವಳು ಮಲ್ಲಿಗೆ ಕಟ್ಟುತ್ತಿದ್ದಳು. ನಮ್ಮ ಹಿತ್ತಲಲ್ಲಿ ಹದಿನೈದು ಗಿಡ ಇದೆ. ನಾನು ಪಕ್ಕದಲ್ಲಿ ಕೂತು ಕೈಗೆ ಸೆಂಟು ಹೊಡೆದುಕೊಂಡೆ. ಅವಳ ಕೈ ನಿಂತಿತು.

"ಎಂತದೆ ಅದ್? ಮಲ್ಲಿಗಿ ಪರಿಮಳ ಬತ್ತಾ ಇತ್ತಲೆ."

ಕೈ ಚಾಚಿದೆ. ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಹೌದ್. ಆರೆ ಇದ್ರಗೆ ಎಂತದೋ ಕಮ್ಮಿ ಇತ್ತ್. ಎಣ್ಣಿ ವಾಸ್ನಿ ಇಲ್ಲೆ ಕಾಣ್."

ನಾನು ಬಾಯಿ ಬಿಟ್ಟು ನೋಡಿದೆ. ಎಷ್ಟು ಸರಿ! ನಮಗೆ ಗೊತ್ತಿರುವ ಮಲ್ಲಿಗೆ ಬರೀ ಹೂವಿನದ್ದಲ್ಲ. ಅದು ಮಲ್ಲಿಗೆ, ತಲೆಗೆ ಹಾಕಿದ ತೆಂಗಿನೆಣ್ಣೆ, ಕೂದಲು, ಕತ್ತಿನ ಬಿಸಿ ಎಲ್ಲ ಸೇರಿದ್ದು. ಬರೀ ಹೂವನ್ನು ಗಿಡದ ಮೇಲೆ ಮೂಸಿದರೆ ಅದು ಬೇರೆಯೇ ವಾಸನೆ. ನಾವು 'ಮಲ್ಲಿಗೆ' ಅಂದಾಗ ಮನಸ್ಸಿಗೆ ಬರುವುದು ಯಾರದ್ದೋ ತಲೆ. ಎದ್ದು ಹೋಗಿ ಒಂದು ಹನಿ ಎಣ್ಣೆ ತಂದು ಮಣಿಕಟ್ಟಿಗೆ ಸವರಿ, ಮೇಲಿಂದ ಸೆಂಟು ಹೊಡೆದೆ. ಹತ್ತು ನಿಮಿಷ ಬಿಟ್ಟು ಮೂಸಿದರೆ... ಅಬ್ಬಾ! ನನ್ನ ಬಾಲ್ಯ ಪೂರ್ತಿ ಅಲ್ಲಿತ್ತು. ಕೊಡಿ ಹಬ್ಬಕ್ಕೆ ಕೋಟೇಶ್ವರಕ್ಕೆ ಹೋಗುವಾಗ ಅಮ್ಮನ ಹೆಗಲ ಮೇಲೆ ಮಲಗಿದ ಹುಡುಗಿಗೆ ಮೂಗಿನ ಹತ್ತಿರ ಸಿಗುತ್ತಿದ್ದ ವಾಸನೆ ಅದು. ಎಣ್ಣೆಯ ಮೇಲೆ ಹಾಕಿದರೆ ಸೆಂಟು ಬೇಗ ಹಾರುವುದೂ ಇಲ್ಲ. ಎರಡು ಗಂಟೆ ಹೆಚ್ಚು ನಿಂತಿತು. (ಎಣ್ಣೆ ಕೈಯಲ್ಲಿ ಒಳ್ಳೆ ಸೀರೆ ಮುಟ್ಟಬೇಡಿ ಅಷ್ಟೆ.)

"ನೀನೂ ಹಾಯ್ಕೋ ಅಮ್ಮ" ಅಂದೆ.

"ನಂಗೆಂತಕೆ ಸೆಂಟು? ಈ ಪ್ರಾಯ್ದಗೆ... ಕಂಡವ್ರ್ ಎಂತ ಹೇಳ್ತ್ರ್?"

ಇಲ್ಲಿಂದ ಮುಂದೆ ಬರೆಯುವುದು ನನಗೆ ಸ್ವಲ್ಪ ಕಷ್ಟ.

ಅಪ್ಪಯ್ಯ ತೀರಿಕೊಂಡು ಆರು ವರ್ಷ ಆಯ್ತು. ಆರು ವರ್ಷದಿಂದ ಅಮ್ಮ ಹೂ ಮುಡಿದಿಲ್ಲ. ಯಾರೂ ಗಟ್ಟಿಯಾಗಿ "ಮುಡಿಯಬಾರದು" ಅಂತ ಹೇಳಲಿಲ್ಲ. ಕುಂಕುಮದ ಬದಲು ಪುಟ್ಟ ಕಪ್ಪು ಬೊಟ್ಟು ಇಟ್ಟುಕೊಂಡಾಗಲೂ ಯಾರೂ ಏನೂ ಹೇಳಲಿಲ್ಲ, ಈಗ ಕಾಲ ಬದಲಾಗಿದೆ ನೋಡಿ. ಆದರೆ ಮದುವೆ ಮನೆಯಲ್ಲಿ ಹೂವಿನ ಹರಿವಾಣ ಹಿಡಿದು ಬರುವ ಹುಡುಗಿ ಅಮ್ಮನ ಮುಂದೆ ಬಂದಾಗ ಒಂದು ಕ್ಷಣ ತಡವರಿಸಿ ಮುಂದಿನವರ ಹತ್ತಿರ ಹೋಗುತ್ತಾಳೆ. ಆ ಹುಡುಗಿಯದ್ದು ತಪ್ಪಲ್ಲ, ಅವಳಿಗೆ ಹಾಗೆ ಹೇಳಿಕೊಟ್ಟಿದ್ದಾರೆ. ಅಮ್ಮ ಆ ಕ್ಷಣದಲ್ಲಿ ಸೀರೆಯ ನೆರಿಗೆ ಸರಿ ಮಾಡಿಕೊಳ್ಳುತ್ತಾಳೆ. ಪ್ರತಿ ಸಲವೂ. ಹರಿವಾಣ ಬರುತ್ತಿರುವುದು ದೂರದಿಂದ ಕಂಡಾಗಲೇ ಶುರು ಮಾಡುತ್ತಾಳೆ, ಆ ಹುಡುಗಿಗೆ ಮುಜುಗರ ಆಗಬಾರದಲ್ಲ ಅಂತ.

ಆದರೆ ಹೂ ಕಟ್ಟುವುದನ್ನು ನಿಲ್ಲಿಸಿಲ್ಲ! ದಿನಾ ಬೆಳಿಗ್ಗೆ ಕೊಯ್ಯುತ್ತಾಳೆ, ಕಟ್ಟುತ್ತಾಳೆ. ಸ್ವಲ್ಪ ದೇವರಿಗೆ, ಸ್ವಲ್ಪ ಪಕ್ಕದ ಮನೆಯವರಿಗೆ, ಸೀಸನ್‌ನಲ್ಲಿ ಉಳಿದದ್ದು ಮಾರಾಟಕ್ಕೆ. ಅವಳ ಹೆಬ್ಬೆರಳು ತೋರುಬೆರಳು ಎರಡೂ ಇಡೀ ದಿನ ಮಲ್ಲಿಗೆ ಪರಿಮಳ ಬರುತ್ತವೆ. ಆ ಬೆರಳುಗಳಿಗೆ ಅಡ್ಡಿ ಇಲ್ಲ. ತಲೆಗೆ ಮಾತ್ರ ಅಡ್ಡಿ. ದೇವರ ತಲೆಗೆ ಏರಿಸಲು ಇವಳು ಕಟ್ಟಿದ ಹೂ ಆಗುತ್ತದೆ, ಇವಳ ತಲೆಗೆ ಇವಳೇ ಕಟ್ಟಿದ ಹೂ ಆಗುವುದಿಲ್ಲ. ಇದೆಂಥ ಲೆಕ್ಕ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೂ, ಗಂಧ, ತಾಂಬೂಲ ಎಲ್ಲ ವಿಧವೆಗೆ ಬೇಡ ಅಂತ ಹಳೇ ಶಾಸ್ತ್ರದವರು ಬರೆದಿಟ್ಟರು. ಬೇಡ ಅಂದ ಪಟ್ಟಿಯಲ್ಲಿ ಪರಿಮಳದವೂ ಇವೆ ಅನ್ನುವುದನ್ನು ಗಮನಿಸಿ. ಪರಿಮಳ ಅಂದರೆ ಆಸೆ, ಆಸೆ ಅಂದರೆ ಗಂಡ, ಗಂಡ ಇಲ್ಲದಿದ್ದರೆ ಪರಿಮಳ ಯಾಕೆ ಅನ್ನುವ ತರ್ಕ.

ಆದರೆ ಹೆಂಗಸರು ಹೂ ಮುಡಿಯುವುದು ಗಂಡನಿಗಾಗಿಯಾ? ನನ್ನ ಅಮ್ಮ ಏಳು ವರ್ಷದ ಹುಡುಗಿಯಾಗಿದ್ದಾಗಲೇ ಮುಡಿಯುತ್ತಿದ್ದಳು. ಸುರಗಿ ಹೂವಿನ ಕಾಲದಲ್ಲಿ ಮರದ ಬುಡಕ್ಕೆ ಹೋಗಿ ಮೊಗ್ಗು ಆರಿಸಿ ತಂದದ್ದು, ರಂಜೆ ಹೂ ಪೋಣಿಸಿದ್ದು, ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ ಅಂತ ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟದ್ದು, ಜನವರಿಯಲ್ಲಿ ಮಾರಣಕಟ್ಟೆ ಜಾತ್ರೆಗೆ ಹೆಮ್ಮಾಡಿ ಸೇವಂತಿಗೆ ತಂದದ್ದು, ಈ ಕತೆಗಳನ್ನೆಲ್ಲ ಅವಳೇ ಹೇಳಿದ್ದಾಳೆ. ಆ ಯಾವ ಕತೆಯಲ್ಲೂ ಅಪ್ಪಯ್ಯ ಇಲ್ಲ. ಅಪ್ಪಯ್ಯ ಬರುವ ಮೊದಲೇ ಹೂ ಇತ್ತು. ಹಾಗಿದ್ದ ಮೇಲೆ ಅವರು ಹೋಗುವಾಗ ಅದನ್ನು ಯಾಕೆ ಕೊಂಡೊಯ್ಯಬೇಕು? ಪಾಪ, ಅಪ್ಪಯ್ಯ ಕೇಳಿದವರೂ ಅಲ್ಲ. ಪೇಟೆಗೆ ಹೋದಾಗಲೆಲ್ಲ ಎಲೆಯಲ್ಲಿ ಕಟ್ಟಿದ ಹೂ ತಂದು ಮಾತಾಡದೆ ಕಿಟಕಿಯ ದಂಡೆಯ ಮೇಲೆ ಇಟ್ಟು ಹೋಗುತ್ತಿದ್ದ ಮನುಷ್ಯ.

ಕಾಲ ಬದಲಾಗುತ್ತಿಲ್ಲ ಅಂತ ನಾನು ಹೇಳುವುದಿಲ್ಲ. ನಮ್ಮ ಪಕ್ಕದ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರು ಅರ್ಚಕರಾದರು. ಬೆಳಗಾವಿ ಗಡಿಯಾಚೆ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ ತಿಂಗಳಲ್ಲಿ ಕುಂಕುಮ ಅಳಿಸುವುದು, ಬಳೆ ಒಡೆಯುವುದು ಮುಂತಾದ ವಿಧವಾ ಪದ್ಧತಿಗಳನ್ನು ನಿಲ್ಲಿಸುವ ಠರಾವು ಮಾಡಿತು. ಉಳಿದ ಪಂಚಾಯಿತಿಗಳೂ ಹಾಗೆ ಮಾಡಲಿ ಅಂತ ಮಹಾರಾಷ್ಟ್ರ ಸರ್ಕಾರವೇ ಹೇಳಿತು. ಒಳ್ಳೆಯದೇ. ಆದರೆ ಬಳೆ ಒಡೆಯುವುದನ್ನು ಠರಾವಿನಿಂದ ನಿಲ್ಲಿಸಬಹುದು. ಹರಿವಾಣ ಹಿಡಿದ ಹುಡುಗಿಯ ತಡವರಿಕೆಯನ್ನು ಯಾವ ಠರಾವು ನಿಲ್ಲಿಸೀತು? ಸೀರೆ ನೆರಿಗೆ ಸರಿ ಮಾಡಿಕೊಳ್ಳುವ ಅಮ್ಮನ ಕೈಯನ್ನು?

ಮತ್ತೆ ಆ ಸಂಜೆಗೆ ಬರುತ್ತೇನೆ. ನಾನು ಒತ್ತಾಯ ಮಾಡಲಿಲ್ಲ. ಬಾಟಲಿಯನ್ನು ಕಪಾಟಿನಲ್ಲಿ ಎಣ್ಣೆ ಶೀಶೆಯ ಪಕ್ಕ ಇಟ್ಟೆ. ನಾಲ್ಕೈದು ದಿನ ಕಳೆದು, ನಾವಿಬ್ಬರೂ ಕುಂಭಾಶಿಗೆ ಆನೆಗುಡ್ಡೆ ದೇವಸ್ಥಾನಕ್ಕೆ ಹೊರಟೆವು. ರಿಕ್ಷಾದಲ್ಲಿ ಅಮ್ಮ ಒಳಬದಿ, ನಾನು ಹೊರಬದಿ. ಹೈವೇಗೆ ಬಂದು ಗಾಳಿ ಬೀಸಿದ್ದೇ ತಡ, ಅಮ್ಮನ ಕಡೆಯಿಂದ ಮಲ್ಲಿಗೆ ಬಂತು! ತೆಂಗಿನೆಣ್ಣೆ ಸೇರಿದ ಮಲ್ಲಿಗೆ. ನಾನು ಅವಳ ಕಡೆ ನೋಡಿದೆ. ಅವಳು ರಸ್ತೆ ನೋಡುತ್ತಿದ್ದಳು. ತುರುಬು ಖಾಲಿಯೇ ಇತ್ತು.

ಸ್ವಲ್ಪ ಹೊತ್ತು ಬಿಟ್ಟು, ನಾನು ಏನೂ ಕೇಳದಿದ್ದರೂ ಅವಳೇ ಹೇಳಿದಳು: "ಇದಾರೆ ಯಾರಿಗೂ ಕಾಂತಿಲ್ಲೆ ಅಲ್ದಾ."

ಅವತ್ತು ನನಗೆ ತುಂಬಾ ಖುಷಿಯಾಯ್ತು. ನಾನು ಏನೋ ದೊಡ್ಡ ಕೆಲಸ ಮಾಡಿದೆ ಅಂತ ಬೀಗಿದೆ. ಬೆಂಗಳೂರಿಗೆ ಬಂದು ಯೋಚಿಸಿದ ಹಾಗೆ ಆ ಖುಷಿ ಇಳಿಯುತ್ತಾ ಬಂತು. "ಯಾರಿಗೂ ಕಾಂತಿಲ್ಲೆ." ಕಾಣುವುದಿಲ್ಲ ಅನ್ನುವುದಕ್ಕೇ ಅವಳು ಒಪ್ಪಿದ್ದು. ನಾನು ಮಾಡಿದ್ದು ಅವಳಿಗೆ ಹೂವನ್ನು ವಾಪಸ್ ಕೊಟ್ಟದ್ದಲ್ಲ, ಅಡಗಿಸಿಟ್ಟುಕೊಳ್ಳಲು ಒಂದು ದಾರಿ ಕೊಟ್ಟದ್ದು. ಕದ್ದು ತಿನ್ನುವ ಮಗುವಿಗೆ ಬೆಲ್ಲ ಕೊಟ್ಟ ಹಾಗೆ. ಸಾವಿರಾರು ರೂಪಾಯಿಯ ಬಾಟಲಿ ಬೇಕಾಯ್ತು, ಹಿತ್ತಲಿನ ಹೂವಿನ ಪರಿಮಳ ಹಿತ್ತಲಿನವಳಿಗೆ ತಲುಪಲು.

ಹಾಗಾದರೆ ಏನು ಮಾಡಬೇಕಿತ್ತು? ಒಂದು ಚೆಂಡು ಮಲ್ಲಿಗೆ ತಂದು ಬಲವಂತವಾಗಿ ಮುಡಿಸಿಬಿಡುವುದಾ? ಕೆಲವು ಗೆಳತಿಯರು ಹಾಗೇ ಹೇಳಿದರು. ನನಗೆ ಅದೂ ಸರಿ ಕಾಣುವುದಿಲ್ಲ. ಮುಡಿಯಬೇಡ ಅನ್ನುವವರು ಯಾರು ಅಂತ ಕೇಳುವ ನಾನು, ಮುಡಿ ಅನ್ನಲು ಯಾರು? ಬೆಂಗಳೂರಿಗೆ ಬಸ್ ಹತ್ತುವವಳು ನಾನು. ಬೀಜಾಡಿಯಲ್ಲಿ ನಾಳೆ ಬೆಳಿಗ್ಗೆ ಹಾಲಿನ ಡೈರಿಗೆ ಹೋಗಬೇಕಾದವಳು ಅವಳು. ಅಲ್ಲಿ ನಾಲ್ಕು ಜನರ ಕಣ್ಣು ಎದುರಿಸಬೇಕಾದವಳೂ ಅವಳೇ. ಅವಳ ತಲೆಯ ಮೇಲೆ ನನ್ನ ಕ್ರಾಂತಿ ಬೇಡ.

ನಾವು ಮಾಡಬಹುದಾದದ್ದು ಬೇರೆ ಇದೆ ಅನ್ನಿಸುತ್ತದೆ. ಕಣ್ಣುಗಳದ್ದು ನಮ್ಮ ಕೆಲಸ. ಅಂದರೆ ಮುಂದಿನ ಸಲ ನಮ್ಮ ಮನೆಯ ಯಾವುದೇ ಕಾರ್ಯದಲ್ಲಿ ಹೂವಿನ ಹರಿವಾಣ ಹಿಡಿಯುವ ಹುಡುಗಿಗೆ ಮೊದಲೇ ಹೇಳಿಡುವುದು: ಎಲ್ಲರ ಮುಂದೆಯೂ ನಿಲ್ಲಬೇಕು, ಎಲ್ಲರಿಗೂ ಚಾಚಬೇಕು, ತೆಗೆದುಕೊಳ್ಳುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಇಷ್ಟೇ. ಇದಕ್ಕೆ ಖರ್ಚಿಲ್ಲ, ಭಾಷಣ ಬೇಡ. ತೆಗೆದುಕೊಳ್ಳದಿದ್ದರೆ ಬೇಸರವಿಲ್ಲ, ಆದರೆ ಬೇಡ ಅನ್ನುವ ಅವಕಾಶವಾದರೂ ಅವರಿಗೆ ಇರಲಿ. ಈಗ ಅದೂ ಇಲ್ಲವಲ್ಲ. ಹೋದ ತಿಂಗಳು ಚಿಕ್ಕಿ ಮಗನ ನಿಶ್ಚಿತಾರ್ಥ ಇತ್ತು. ಹರಿವಾಣದ ಹುಡುಗಿಗೆ ನಾನೇ ಹೇಳಿದ್ದೆ. ಅವಳು ಅಮ್ಮನ ಮುಂದೆ ಬಂದು ನಿಂತಳು. ಅಮ್ಮನ ಕೈ ಎಂದಿನಂತೆ ನೆರಿಗೆಗೆ ಹೋಗಿತ್ತು. ಹುಡುಗಿ ಹೋಗಲೇ ಇಲ್ಲ, ನಿಂತೇ ಇದ್ದಳು. ಅಮ್ಮ ತಲೆಯೆತ್ತಿ ಅವಳನ್ನು ನೋಡಿ, ಆಮೇಲೆ ದೂರದಲ್ಲಿದ್ದ ನನ್ನನ್ನು ನೋಡಿ (ಬೈಗುಳ ಖಂಡಿತ ಇತ್ತು ಆ ನೋಟದಲ್ಲಿ), ಒಂದು ತುಂಡು ಮಲ್ಲಿಗೆ ತೆಗೆದುಕೊಂಡಳು. ಮುಡಿಯಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು, ಮೂಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ, ಅವರೂ ಒಬ್ಬರೇ ಆಗಿ ಇಪ್ಪತ್ತು ವರ್ಷ ಆಯ್ತು, ಕೈ ಚಾಚಿ ತಾವೂ ಒಂದು ತುಂಡು ತೆಗೆದುಕೊಂಡರು.

ಸೆಂಟಿನ ಬಾಟಲಿ ಬೀಜಾಡಿಯಲ್ಲೇ ಬಿಟ್ಟು ಬಂದಿದ್ದೇನೆ. ಮೊನ್ನೆ ಫೋನಿನಲ್ಲಿ ಕೇಳಿದರೆ ಅರ್ಧ ಆಗಿದೆ ಅಂತ ತಿಳಿಯಿತು. "ಎಷ್ಟ್ ಹಾಯ್ಕಂತೆ ಅಮ್ಮ!" ಅಂದರೆ, "ನಾನಲ್ಲೆ, ನಿನ್ ದೊಡ್ಡಮ್ಮ ಬಂದಾಗೆಲ್ಲ" ಅಂತ ನಗುತ್ತಾಳೆ.

ನಿಮ್ಮ ಮನೆಗಳಲ್ಲಿ ಹರಿವಾಣ ಎಲ್ಲರ ಮುಂದೆ ನಿಲ್ಲುತ್ತದಾ? ಸುಮ್ಮನೆ ಕೇಳುತ್ತಿದ್ದೇನೆ. ಬರೆಯಿರಿ.